ಒಂದೂವರೆ ಗಂಟೆಯ ದಾರಿಗೆ ಐದು ದಿನ

ಹೈದರಾಬಾದಿನಲ್ಲಿರುವ ನನ್ನ ನಾದಿನಿಯ ಮಗಳ ನಿಕಾಹ್ ನಿಶ್ಚಯವಾದಾಗ ಮನೆಯಲ್ಲಿ ಮೊದಲು ಬಂದ ಮಾತು ವಿಮಾನದ ಟಿಕೆಟಿನದ್ದೇ. ಮಂಗಳೂರಿನಿಂದ ಹೈದರಾಬಾದಿಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ನನ್ನವರು ಗಲ್ಫ್‌ನಿಂದ ನಲ್ವತ್ತು ದಿನಗಳ ರಜೆಯಲ್ಲಿ ಬರುವವರಿದ್ದರು. ಮಕ್ಕಳಿಗೆ ದಸರಾ ರಜೆ. ಎಲ್ಲವೂ ಸುಲಭವಾಗಿತ್ತು.

ಸುಲಭವಾಗದಿದ್ದುದು ಅತ್ತೆಯವರ ಒಂದು ಮಾತು. "ಹೈದರಾಬಾದಿಗೆ ಹೋಗುವಾಗ ಬೀದರ್ ಸಿಗುವುದಿಲ್ಲವೇ?" ಎಂದು ಅವರು ಕೇಳಿದರು. ಅತ್ತೆ ಬೀದರಿನವರು. ಅಲ್ಲಿಗೆ ಸರಕಾರಿ ಶಾಲೆಯ ಮಾಸ್ತರರಾಗಿ ಹೋಗಿದ್ದ ಮಾವನವರನ್ನು ಮದುವೆಯಾಗಿ ಕರಾವಳಿಗೆ ಬಂದವರು. ತಾಯಿ ತೀರಿಕೊಂಡ ಬಳಿಕ, ಇಪ್ಪತ್ತೆರಡು ವರ್ಷಗಳಿಂದ ಆ ಊರಿನ ಕಡೆ ಹೋಗಿರಲಿಲ್ಲ. ವಿಮಾನಕ್ಕೆ ಬೀದರ್ ಸಿಗುವುದಿಲ್ಲ, ರಸ್ತೆಗೆ ಸಿಗುತ್ತದೆ.

ಇನ್ನೊಂದು ಕಾರಣವನ್ನು ನಾನು ಯಾರಿಗೂ ಹೇಳಿರಲಿಲ್ಲ. ಹದಿನೈದರ ಹರೆಯದ ಮಗನಿಗೂ ಅವನ ತಂದೆಗೂ ಮಾತು ಬಹುತೇಕ ನಿಂತುಹೋಗಿತ್ತು. ಜಗಳವೇನಲ್ಲ. ಹತ್ತು ವರ್ಷಗಳಿಂದ ತಂದೆಯೆಂದರೆ ಅವನಿಗೆ ಫೋನಿನಲ್ಲಿ ಬರುವ ಎರಡು ನಿಮಿಷದ ಸ್ವರ. "ಮಾರ್ಕ್ಸ್ ಎಷ್ಟು ಬಂತು? ನಮಾಝ್ ಮಾಡಿದೆಯಾ?" ಇಷ್ಟೇ. ರಜೆಯಲ್ಲಿ ಬಂದರೆ ನೆಂಟರು, ಮದುವೆ, ಬ್ಯಾಂಕು ಎಂದು ದಿನಗಳು ಮುಗಿದುಹೋಗುತ್ತವೆ. ಒಂದೇ ಕಾರಿನಲ್ಲಿ ಐದು ದಿನ ಕುಳಿತರೆ ಎಲ್ಲಿಗೆ ಓಡುತ್ತಾರೆ ಎಂದು ನಾನು ಯೋಚಿಸಿದೆ.

ಲೆಕ್ಕದ ಪುಸ್ತಕ

ರಸ್ತೆಯಲ್ಲಿ ಹೋದರೆ ಹಣ ಉಳಿಯುತ್ತದೆ ಎಂದು ಹಲವರು ಹೇಳುತ್ತಾರೆ. ನಾನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. ನಾವು ಆರಿಸಿದ ದಾರಿ ಮಂಗಳೂರು, ಅಂಕೋಲಾ, ಹುಬ್ಬಳ್ಳಿ, ವಿಜಯಪುರ, ಕಲಬುರಗಿ, ಬೀದರ್, ಹೈದರಾಬಾದ್. ಹೋಗುವಾಗ ಸುಮಾರು ಸಾವಿರ ಕಿಲೋಮೀಟರ್. ಮರಳಿ ಬರುವುದೂ ಊರೊಳಗಿನ ಓಡಾಟವೂ ಸೇರಿದರೆ ಎರಡು ಸಾವಿರ. ನಮ್ಮ ಕಾರು ಲೀಟರಿಗೆ ಹದಿನೈದು ಕಿಲೋಮೀಟರ್ ಕೊಟ್ಟರೆ ಸುಮಾರು 135 ಲೀಟರ್ ಪೆಟ್ರೋಲ್. ಅದಕ್ಕೆ ಟೋಲ್, ನಾಲ್ಕು ರಾತ್ರಿಯ ಕೋಣೆ ಬಾಡಿಗೆ, ಐದು ಜನರ ಊಟ ಸೇರಿಸಿ. ಕೊನೆಗೆ ಉಳಿತಾಯ ದೊಡ್ಡದೇನೂ ಇರಲಿಲ್ಲ. ಹಾಗಾಗಿ ಹಣ ಉಳಿಸಲೆಂದು ರಸ್ತೆ ಹಿಡಿಯಬೇಡಿ. ರಸ್ತೆ ಕೊಡುವುದು ಬೇರೆಯದನ್ನು.

ಹೊರಡುವ ಮುನ್ನ ಕೆಲವು ವಿಷಯಗಳನ್ನು ಇತ್ಯರ್ಥ ಮಾಡಬೇಕಿತ್ತು. ಮೊದಲನೆಯದು ಕಾಲ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು ನಲ್ವತ್ತು ಡಿಗ್ರಿ ದಾಟುತ್ತದೆ. ಮಳೆಗಾಲದಲ್ಲಿ ಕರಾವಳಿಯ ಹೆದ್ದಾರಿ ಮತ್ತು ಘಟ್ಟದ ರಸ್ತೆಯನ್ನು ನಂಬುವಂತಿಲ್ಲ. 2024ರ ಜುಲೈಯಲ್ಲಿ ಅಂಕೋಲಾದ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದ ಜೀವಗಳು ಮಣ್ಣಿನಡಿ ಸೇರಿದ್ದನ್ನು ಮರೆಯಲಾದೀತೇ? ಅಕ್ಟೋಬರ್ ನಮಗೆ ಸರಿಯಾಗಿ ಒದಗಿತು.

ಎರಡನೆಯದು ಚಾಲಕರದ್ದು. ಗಲ್ಫ್‌ನಲ್ಲಿ ವಾಹನ ಬಲಗಡೆ ಓಡುತ್ತದೆ, ಸ್ಟಿಯರಿಂಗ್ ಎಡಕ್ಕೆ ಇರುತ್ತದೆ. ವರ್ಷಗಟ್ಟಲೆ ಹಾಗೆ ಓಡಿಸಿದವರು ಊರಿಗೆ ಬಂದ ಮರುದಿನವೇ ಹೆದ್ದಾರಿಗೆ ಇಳಿಯಬಾರದು. ತಿರುವಿನಲ್ಲಿ ಕೈ ತಾನಾಗಿಯೇ ತಪ್ಪು ಬದಿಗೆ ಎಳೆಯುತ್ತದೆ. ಇವರು ಒಂದು ವಾರ ಬರೀ ಪೇಟೆಗೆ, ಮೀನಿನ ಮಾರುಕಟ್ಟೆಗೆ ಕಾರು ಓಡಿಸಿದರು. ಆಗಲೇ ತಿಳಿದದ್ದು, ಇವರ ಇಲ್ಲಿನ ಲೈಸೆನ್ಸಿನ ಅವಧಿ ಮೂರು ತಿಂಗಳ ಹಿಂದೆಯೇ ಮುಗಿದಿತ್ತು! ಅವಧಿ ಮುಗಿದ ಒಂದು ವರ್ಷದೊಳಗಾದರೆ ಮತ್ತೆ ಪರೀಕ್ಷೆ ಇಲ್ಲದೆ ನವೀಕರಿಸಬಹುದು. ನಲ್ವತ್ತು ದಾಟಿದವರಿಗೆ ವೈದ್ಯರ ಪ್ರಮಾಣಪತ್ರ ಬೇಕು. ಅವಧಿ ಮೀರಿದ ಲೈಸೆನ್ಸಿನಲ್ಲಿ ಓಡಿಸಿ ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕಾಗುತ್ತದೆ. ರಜೆಯಲ್ಲಿ ಬರುವ ಎಲ್ಲರೂ ಇದನ್ನೊಮ್ಮೆ ನೋಡಿಕೊಳ್ಳಿ.

ಮೂರನೆಯದು ಅತ್ತೆಯವರ ಮಂಡಿನೋವು. ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಬೇಕು, ಕತ್ತಲಾದ ಮೇಲೆ ಓಡಿಸಬಾರದು, ದಿನಕ್ಕೆ ಒಂದು ಊರು ಸಾಕು ಎಂದು ನಿಯಮ ಮಾಡಿಕೊಂಡೆವು. ಹೆಂಗಸರಿಗೆ ಸ್ವಚ್ಛ ಶೌಚಾಲಯ ಸಿಗುವುದೇ ದೂರ ಪ್ರಯಾಣದ ದೊಡ್ಡ ಚಿಂತೆ. ಮಗ ನಕಾಶೆಯಲ್ಲಿ ದೊಡ್ಡ ಪೆಟ್ರೋಲ್ ಪಂಪ್‌ಗಳನ್ನು ಗುರುತು ಮಾಡಿಕೊಟ್ಟ. ಮುಸಲ್ಲಾ, ವುಝೂಗೆ ಎರಡು ಕ್ಯಾನ್ ನೀರು, ಔಷಧಿಯ ಡಬ್ಬಿ, ಒಂದು ಹಳೆಯ ಬೆಡ್‌ಶೀಟ್ ಸೇರಿ ಡಿಕ್ಕಿ ತುಂಬಿತು.

ಕಡಲಿನಿಂದ ಕಪ್ಪು ಮಣ್ಣಿಗೆ

ಫಜ್ರ್ ನಮಾಝಿನ ನಂತರ ಪ್ರಯಾಣದ ದುಆ ಓದಿ ಹೊರಟೆವು. ಉಡುಪಿ, ಕುಂದಾಪುರ ದಾಟಿ ಮರವಂತೆಯಲ್ಲಿ ಮೊದಲ ನಿಲುಗಡೆ. ಒಂದು ಬದಿ ಸಮುದ್ರ, ಮತ್ತೊಂದು ಬದಿ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಮಗಳು ಕೂಗಿ ಕುಣಿದಳು. ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಿಂದಿನ ಸೀಟಿನಲ್ಲೇ ಕುಳಿತಿದ್ದ. ಇವರು ಕನ್ನಡಿಯಲ್ಲಿ ಅವನನ್ನು ನೋಡಿದರು, ಏನೂ ಹೇಳಲಿಲ್ಲ.

ಭಟ್ಕಳ, ಹೊನ್ನಾವರದ ಶರಾವತಿ ಸೇತುವೆ, ಕುಮಟಾ, ಅಂಕೋಲಾ. ಅಲ್ಲಿಂದ ಬಲಕ್ಕೆ ತಿರುಗಿ ಅರಬೈಲ್ ಘಟ್ಟ ಏರಿದರೆ ಯಲ್ಲಾಪುರದ ಕಾಡು. ಸಂಜೆ ಹುಬ್ಬಳ್ಳಿ ತಲುಪುವಾಗ ಗಾಳಿಯೇ ಬದಲಾಗಿತ್ತು. ಮರುದಿನ ನವಲಗುಂದ, ನರಗುಂದದ ದಾರಿಯಲ್ಲಿ ಕಣ್ಣು ಹಾಯಿಸಿದಷ್ಟೂ ಕಪ್ಪು ಮಣ್ಣು. ತೆಂಗು, ಅಡಿಕೆ ನೋಡಿ ಬೆಳೆದ ಮಕ್ಕಳಿಗೆ ಅಷ್ಟು ದೊಡ್ಡ ಬಯಲೇ ಒಂದು ವಿಸ್ಮಯ. ಕೊಲ್ಹಾರದ ಬಳಿ ಕೃಷ್ಣೆಯ ಹಿನ್ನೀರಿನ ಮೇಲಿನ ಉದ್ದದ ಸೇತುವೆ ದಾಟಿದೆವು. ಕೊಲ್ಹಾರದ ಮೊಸರು ಪ್ರಸಿದ್ಧ. ಮಣ್ಣಿನ ಕುಡಿಕೆಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಜೊತೆ ಅದನ್ನು ತಿಂದ ಅತ್ತೆ, "ಐವತ್ತು ವರ್ಷ ನಿಮ್ಮ ಕುಚ್ಚಲಕ್ಕಿ ತಿಂದು ನಾಲಿಗೆ ಸತ್ತಿತ್ತು" ಎಂದರು. ನಾವೆಲ್ಲ ನಕ್ಕೆವು. ಮಗನೂ ನಕ್ಕ.

ಗುಮ್ಮಟದ ಪಿಸುಮಾತು

ವಿಜಯಪುರದ ಗೋಲಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಹೋಗಬೇಕು. ಹೊತ್ತೇರಿದರೆ ಪ್ರವಾಸಿಗರ ಕೂಗಾಟದಲ್ಲಿ ಪಿಸುಮಾತು ಕೇಳಿಸದು. 1656ರಲ್ಲಿ ತೀರಿಕೊಂಡ ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ನಡುವೆ ಒಂದೇ ಒಂದು ಕಂಬವಿಲ್ಲದೆ ನಿಂತಿರುವ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅದರ ಬುಡದಲ್ಲಿ ಸುತ್ತಲೂ ಇರುವ ಮೊಗಸಾಲೆಯಲ್ಲಿ ಒಬ್ಬರು ಗೋಡೆಗೆ ಮುಖವಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಬಾಗಿದ ಗೋಡೆ ಸದ್ದನ್ನು ಚದುರಗೊಡದೆ ತನ್ನ ಮೈಗುಂಟ ಸಾಗಿಸುವುದರಿಂದ ಹೀಗಾಗುತ್ತದೆ.

ಮೇಲೆ ಹೋಗಲು ಮೂಲೆಯ ಗೋಪುರದೊಳಗೆ ನೂರಕ್ಕೂ ಹೆಚ್ಚು ಇಕ್ಕಟ್ಟಾದ ಮೆಟ್ಟಿಲುಗಳು. ಅತ್ತೆ ಹತ್ತಲಾರರು. ನಾನು ಅವರ ಜೊತೆ ಕೆಳಗೇ ಕುಳಿತೆ. ತಂದೆ ಮಕ್ಕಳು ಮೂವರೂ ಹತ್ತಿದರು.

ಅರ್ಧ ಗಂಟೆಯ ಬಳಿಕ ಮಗಳು ಓಡಿ ಬಂದು ವರದಿ ಒಪ್ಪಿಸಿದಳು. "ಅಬ್ಬು ಆಚೆ ಬದಿಯಲ್ಲಿ ನಿಂತಿದ್ದರು, ನಾನೂ ಅಣ್ಣನೂ ಈಚೆ. ಅಬ್ಬು ಗೋಡೆಯಲ್ಲಿ ಮಾತಾಡಿದರು."

"ಏನಂದರು? ಮಾರ್ಕ್ಸ್ ಕೇಳಿದರಾ?"

"ಇಲ್ಲ. 'ಹಸಿವಾಗುತ್ತಾ ಇದೆಯಾ?' ಅಂತ ಕೇಳಿದರು. ಅಣ್ಣ 'ಹೌದು, ತುಂಬಾ' ಅಂದ. ಆಮೇಲೆ ಅವರಿಬ್ಬರೇ ಮಾತಾಡುತ್ತಾ ಇದ್ದರು. ನನಗೆ ಚಾನ್ಸೇ ಕೊಡಲಿಲ್ಲ."

ನಾನು ಆ ಎತ್ತರದ ಗುಮ್ಮಟವನ್ನು ಇನ್ನೊಮ್ಮೆ ನೋಡಿದೆ. ಇವರಿಗೆ ದೂರದಿಂದ ಮಾತಾಡಿಯೇ ಅಭ್ಯಾಸ. ಅಲ್ಲಿಯೂ ದೂರದಿಂದಲೇ ಆರಂಭಿಸಿದರು.

ಅಲ್ಲಿಂದ ಇಬ್ರಾಹಿಂ ರೋಜಾಕ್ಕೆ ಹೋದೆವು. ಎರಡನೇ ಇಬ್ರಾಹಿಂ ಆದಿಲ್ ಶಾಹನ ಸಮಾಧಿ ಮತ್ತು ಮಸೀದಿ ಒಂದೇ ಜಗಲಿಯ ಮೇಲೆ ಎದುರುಬದುರಾಗಿವೆ. ಗಾತ್ರದಲ್ಲಿ ಚಿಕ್ಕದು, ಆದರೆ ಕಲ್ಲಿನ ಮೇಲಿನ ಅಕ್ಷರಗಳ ನಾಜೂಕು ಕೆಲಸ ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯದು.

ಸಿಂದಗಿ ದಾಟಿದ ಮೇಲೆ

ಕಲಬುರಗಿಗೆ ಸುಮಾರು 160 ಕಿಲೋಮೀಟರ್. ಸಿಂದಗಿ ದಾಟಿ ಜೇವರ್ಗಿಯ ಕಡೆ ಹೋಗುವಾಗ ಟಯರ್ ಪಂಕ್ಚರ್ ಆಯಿತು. ಬದಲಿ ಟಯರ್ ಹೊರತೆಗೆದರೆ ಅದರಲ್ಲಿ ಗಾಳಿಯೇ ಇಲ್ಲ! ನಾಲ್ಕು ಚಕ್ರಗಳನ್ನು ಪರೀಕ್ಷಿಸಿದ್ದ ನಾವು ಐದನೆಯದನ್ನು ಮರೆತಿದ್ದೆವು. ನಡುಮಧ್ಯಾಹ್ನ, ಸುತ್ತ ತೊಗರಿ ಹೊಲ, ಹತ್ತಿರದಲ್ಲಿ ಅಂಗಡಿಯಿಲ್ಲ. ಇವರ ಮುಖ ಬಾಡಿತು. "ವಿಮಾನದಲ್ಲಿ ಹೋಗಬಹುದಿತ್ತು" ಎಂದು ನನಗೆ ಕೇಳುವಂತೆಯೇ ಗೊಣಗಿದರು. ತಪ್ಪು ನನ್ನದೇ ಎಂಬಂತೆ ನಾನು ಸುಮ್ಮನಿದ್ದೆ.

ಮಗ ಇಯರ್‌ಫೋನ್ ತೆಗೆದಿಟ್ಟು ಇಳಿದ. ಜಾಕ್ ಎಲ್ಲಿಡಬೇಕೆಂದು ಕಾರಿನ ಕೈಪಿಡಿ ನೋಡಿ ಹೇಳಿದ. ತಂದೆ ತಿರುಗಿಸಿದರು, ಮಗ ಬೋಲ್ಟ್ ಬಿಚ್ಚಿದ. ಅಷ್ಟರಲ್ಲಿ ಟ್ರ್ಯಾಕ್ಟರಿನಲ್ಲಿ ಬಂದ ರೈತರೊಬ್ಬರು ತಾವಾಗಿಯೇ ನಿಲ್ಲಿಸಿ, ಟಯರನ್ನೂ ಇವರಿಬ್ಬರನ್ನೂ ಹತ್ತಿಸಿಕೊಂಡು ಹೋದರು. ನಾವು ಹೆಂಗಸರು ಹೊಲದಂಚಿನ ಬೇವಿನ ಮರದ ಕೆಳಗೆ ಕುಳಿತೆವು. ಹೊಲದಲ್ಲಿದ್ದ ಹೆಣ್ಣುಮಗಳೊಬ್ಬಳು ನೀರಿನ ಕೊಡ ಹಿಡಿದು ಬಂದಳು.

"ಎಲ್ಲಿಂದ ಬಂದೀರಿ ಅಮ್ಮಾ?"

"ಮಂಗಳೂರಿಂದ. ಹುಟ್ಟಿದ್ದು ಮಾತ್ರ ಬೀದರ್ ನೋಡು."

"ಹಂಗಂದ್ರ ನಮ್ಮ ಕಡೆಯವರೇ ಆದ್ರಲ್ಲ! ಕುಂದ್ರಿ, ರೊಟ್ಟಿ ತಿನ್ರಿ."

ಕರಾವಳಿಯಲ್ಲಿ ಐವತ್ತು ವರ್ಷ ಅಳೆದು ತೂಗಿ ಮಾತಾಡುತ್ತಿದ್ದ ಅತ್ತೆ ಆ ಮರದ ಕೆಳಗೆ ನಿರಾಳವಾಗಿ ಹರಟಿದರು. ಅವರು ಅಷ್ಟು ಮಾತಾಡಬಲ್ಲರೆಂದು ನನಗೇ ಗೊತ್ತಿರಲಿಲ್ಲ. ಎರಡು ಗಂಟೆಯ ನಂತರ ತಂದೆ ಮಗ ಮರಳಿದಾಗ ಇಬ್ಬರ ಅಂಗಿಯೂ ಕರಿ ಹಿಡಿದಿತ್ತು. ಹಣ ಕೊಡಲು ಹೋದರೆ ಆ ರೈತರು ಮುಟ್ಟಲಿಲ್ಲ. ಮುಂದಿನ ದಾರಿಗೆ ಮಗ ಮುಂದಿನ ಸೀಟಿನಲ್ಲಿ ಕುಳಿತ. ನಾನು ಹಿಂದೆ ಹೋದೆ.

ಬೀದರಿನ ಗಲ್ಲಿ

ಕಲಬುರಗಿಯ ಕೋಟೆಯೊಳಗಿನ ಜಾಮಿಯಾ ಮಸೀದಿಯನ್ನು ಮರುದಿನ ಬೆಳಿಗ್ಗೆ ನೋಡಿದೆವು. ಬಹಮನಿಗಳ ಕಾಲದ್ದು, 1367ರದ್ದು. ಸಾಮಾನ್ಯವಾಗಿ ಮಸೀದಿಯ ನಡುವೆ ಇರುವ ತೆರೆದ ಅಂಗಳ ಇಲ್ಲಿಲ್ಲ. ಇಡೀ ಕಟ್ಟಡದ ಮೇಲೆ ಗುಮ್ಮಟಗಳ ಛಾವಣಿ. ಬದಿಯ ಅಗಲ ಕಮಾನುಗಳಿಂದ ಬೆಳಕು ಒಳಗೆ ಹರಿಯುತ್ತದೆ.

ಹುಮನಾಬಾದ್ ದಾಟಿ ಮಧ್ಯಾಹ್ನಕ್ಕೆ ಬೀದರ್. ಇರಾನಿನ ಗೀಲಾನಿನಿಂದ ಬಂದು ಬಹಮನಿ ರಾಜ್ಯದ ವಜೀರರಾದ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾ ಇಲ್ಲಿದೆ. ಮೂರು ಅಂತಸ್ತು, ಬೋಧಕರಿಗೂ ವಿದ್ಯಾರ್ಥಿಗಳಿಗೂ ಕೋಣೆಗಳು, ದೊಡ್ಡ ಗ್ರಂಥಾಲಯ ಅಲ್ಲಿದ್ದವು. ಗೋಡೆಗೆ ಮೆತ್ತಿದ್ದ ನೀಲಿ, ಹಸಿರು ಹೆಂಚುಗಳು ಕೆಲವೆಡೆ ಇನ್ನೂ ಉಳಿದಿವೆ. ಖೋಟಾ ಪತ್ರವೊಂದನ್ನು ನಂಬಿದ ಸುಲ್ತಾನ 1481ರಲ್ಲಿ ಇದೇ ಗಾವಾನರ ತಲೆ ತೆಗೆಸಿದ. ಇದನ್ನು ಇವರು ಮಗನಿಗೆ ಹೇಳುತ್ತಿದ್ದರು, ಮಗ ಮರುಪ್ರಶ್ನೆ ಕೇಳುತ್ತಿದ್ದ.

ಅತ್ತೆಗೆ ಇದಾವುದೂ ಬೇಕಿರಲಿಲ್ಲ. ಚೌಬಾರದ ಗೋಪುರ ಕಂಡ ಕೂಡಲೇ "ಎಡಕ್ಕೆ" ಎಂದರು. ಗಲ್ಲಿಯೊಳಗೆ ಕಾರು ಹೋಗದು. ನನ್ನ ತೋಳು ಹಿಡಿದು ಮಂಡಿನೋವನ್ನೂ ಮರೆತು ನಡೆದರು. ಅವರ ತವರುಮನೆ ಇರಲಿಲ್ಲ. ಆ ಜಾಗದಲ್ಲಿ ಮೂರಂತಸ್ತಿನ ಹೊಸ ಕಟ್ಟಡ, ಕೆಳಗೆ ಮೊಬೈಲ್ ಅಂಗಡಿ. ಅತ್ತೆ ಏನೂ ಮಾತಾಡದೆ ನಿಂತರು. ನನಗೆ ಭಯವಾಯಿತು. ಇದನ್ನು ನೋಡಲು ಅವರನ್ನು ಇಷ್ಟು ದೂರ ಕರೆತಂದೆವೇ?

ಎದುರುಮನೆಯ ಬಾಗಿಲಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಬಹಳ ಹೊತ್ತು ಇವರನ್ನೇ ನೋಡಿ, ಬಾಲ್ಯದಲ್ಲಿ ಕರೆಯುತ್ತಿದ್ದ ಹೆಸರಿನಿಂದ ಕೂಗಿದರು. ಮತ್ತೆ ಏನಾಯಿತೆಂದು ಬರೆಯಬೇಕಾಗಿಲ್ಲ. ಅಸರ್‌ನಿಂದ ಇಶಾದವರೆಗೆ ಆ ಮನೆಯಲ್ಲೇ ಇದ್ದೆವು. ರಾತ್ರಿ ಕಾರು ಹತ್ತುವಾಗ ಅತ್ತೆ ಹೇಳಿದ್ದು ಒಂದೇ ಮಾತು. "ಮನೆ ಹೋದರೆ ಹೋಗಲಿ, ನನ್ನನ್ನು ಗುರುತಿಸುವವರು ಒಬ್ಬರಾದರೂ ಇದ್ದರಲ್ಲ."

ಮರುದಿನ ಸುಮಾರು 145 ಕಿಲೋಮೀಟರ್ ದಾಟಿ ಝುಹರ್ ಹೊತ್ತಿಗೆ ಹೈದರಾಬಾದ್ ತಲುಪಿದೆವು. ನಿಕಾಹ್ ಚೆನ್ನಾಗಿ ನೆರವೇರಿತು, ಅಲ್ಹಮ್ದುಲಿಲ್ಲಾಹ್.

ನೀವೂ ಹೊರಡುವುದಾದರೆ

ಬದಲಿ ಟಯರ್ ಸಹಿತ ಐದೂ ಚಕ್ರಗಳನ್ನು ಪರೀಕ್ಷಿಸಿ. ಟಯರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಲೈಸೆನ್ಸ್, ವಿಮೆ, ಹೊಗೆ ತಪಾಸಣೆ ಪತ್ರಗಳ ದಿನಾಂಕ ನೋಡಿ. ಫಾಸ್ಟ್ಯಾಗ್ ಖಾತೆಯಲ್ಲಿ ಹಣವಿರಲಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಿಕೊಳ್ಳಲಿ. ಹೆದ್ದಾರಿಯಲ್ಲಿ ತೊಂದರೆಯಾದರೆ 1033, ಯಾವುದೇ ತುರ್ತಿಗೆ 112 ಎಂಬ ಸಂಖ್ಯೆಗಳು ಎಲ್ಲರಿಗೂ ಬಾಯಿಪಾಠವಿರಲಿ. ದಿನಕ್ಕೆ ಇನ್ನೂರು ಮುನ್ನೂರು ಕಿಲೋಮೀಟರಿಗಿಂತ ಹೆಚ್ಚು ಆಸೆಪಡಬೇಡಿ. ನಮ್ಮ ಮೊದಲ ದಿನದ 370 ಕಿಲೋಮೀಟರ್ ಅತ್ತೆಯವರ ಮಂಡಿಗೆ ಜಾಸ್ತಿಯೇ ಆಯಿತು.

ರಜೆ ಮುಗಿದು ಇವರು ಮರಳಿದ್ದಾರೆ. ಈಗಲೂ ಪ್ರತಿ ರಾತ್ರಿ ಫೋನ್ ಬರುತ್ತದೆ. ಮೊದಲು ಮಗನ ಕೈಗೆ ಫೋನ್ ಕೊಡಲು ನಾನು ಕರೆಯಬೇಕಿತ್ತು. ಈಗ ಅವನೇ ಬಂದು ಕೈಚಾಚುತ್ತಾನೆ. ಮೊನ್ನೆ ಅವನು ತಂದೆಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "ಮುಂದಿನ ಸಲ ಬರುವಾಗ ಹಂಪಿಯ ದಾರಿ ಹಿಡಿಯೋಣ ಅಬ್ಬು. ಸ್ಟೆಪ್ನಿ ನಾನು ನೋಡಿಕೊಳ್ಳುತ್ತೇನೆ."