ವೈಹಾಳಿಗೊಂದು ಸೂರು

ನಮ್ಮ ಹಳೆಯ ಕಾವ್ಯಗಳಲ್ಲಿ ರಾಜಕುಮಾರರು ಮಾತೆತ್ತಿದರೆ ವೈಹಾಳಿಗೆ ಹೊರಡುತ್ತಾರೆ. ತರಗತಿಯಲ್ಲಿ ಆ ಮಾತು ಬಂದಾಗಲೆಲ್ಲ ‘ಕುದುರೆ ಸವಾರಿ’ ಎಂದು ಅರ್ಥ ಹೇಳಿ ಮುಂದಿನ ಪದ್ಯಕ್ಕೆ ಸಾಗುವುದು ನನ್ನ ವಾಡಿಕೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ವಾಹ್ಯಾಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿರುವನು. ಪದ್ಮಣ ಪಂಡಿತನು ೧೬೨೭ರಲ್ಲಿ ‘ಹಯಸಾರ ಸಮುಚ್ಚಯ’ವನ್ನು ರಚಿಸಿದನು. ಇಷ್ಟನ್ನು ಓದಿಕೊಂಡವನಿಗೆ ಕುದುರೆಯ ಕಟ್ಟಡವನ್ನು ಕಟ್ಟಿಸುವ ಯೋಗ್ಯತೆಯೂ ತಾನಾಗಿ ಬಂದಿರುತ್ತದೆಂದು ನಮ್ಮ ಭಾವನವರು ನಂಬಿದರೆ ಅದು ಅವರ ಔದಾರ್ಯ. ನನ್ನನ್ನು ಕರೆಸಿಕೊಂಡುದಕ್ಕೆ ನಿಜವಾದ ಕಾರಣ, ಮನೆ ಕಟ್ಟಿಸಬೇಕೆಂದು ನಾನು ಹತ್ತು ವರ್ಷಗಳಿಂದ ಕೂಡಿಟ್ಟಿದ್ದ ಹಣವೆಂದು ನನ್ನ ಹೆಂಡತಿಯ ಅಭಿಪ್ರಾಯ. ಅವಳ ಅಭಿಪ್ರಾಯಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ.

ಭಾವನವರು ಸೈನ್ಯದಿಂದ ನಿವೃತ್ತರಾಗಿ ಕೊಡಗಿನಲ್ಲಿ ಒಂದು ಸಣ್ಣ ಕಾಫಿ ತೋಟವನ್ನು ನೋಡಿಕೊಂಡಿದ್ದಾರೆ. ಅವರ ಲಾಯದಲ್ಲಿ ಮೂರು ಕುದುರೆಗಳಿವೆ. ಎರಡರ ವಿಷಯ ಇಲ್ಲಿ ಬೇಡ. ಮೂರನೆಯದು ಒಂದು ಮುದಿ ಹೆಣ್ಣುಗುದುರೆ. ನಡಿಗೆ ನಿಧಾನ, ಸ್ವಭಾವ ಸಾಧು. ಅದರ ಬೆನ್ನ ಮೇಲೆ ಅಕ್ಕನ ಮಗಳು ಕುಳಿತುಕೊಳ್ಳುತ್ತಾಳೆ. ಹನ್ನೊಂದು ವರ್ಷದ ಹುಡುಗಿ. ದಿನ ತುಂಬುವ ಮೊದಲೇ ಹುಟ್ಟಿದವಳು; ಮೆದುಳಿಗೆ ತಗುಲಿದ ಆಘಾತದಿಂದ ಅವಳ ಕಾಲಿನ ಸ್ನಾಯುಗಳು ಸದಾ ಬಿಗಿದುಕೊಂಡೇ ಇರುತ್ತವೆ. ನೆಲದ ಮೇಲೆ ಗಾಲಿಕುರ್ಚಿಯಲ್ಲದೆ ಗತಿಯಿಲ್ಲ. ಆದರೆ ಕುದುರೆ ನಡೆಯುವಾಗ ಸವಾರನ ಸೊಂಟವು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ತೂಗುವ ಕ್ರಮವು ಮನುಷ್ಯನು ತನ್ನ ಕಾಲಿನಿಂದ ನಡೆಯುವಾಗಿನ ತೂಗಾಟಕ್ಕೆ ಬಹಳ ಸಮೀಪದ್ದಂತೆ. ಅರ್ಧ ಗಂಟೆ ಹಾಗೆ ತೂಗಿದ ಬಳಿಕ ಅವಳ ತೊಡೆಗಳು ಸಡಿಲಗೊಂಡು ಬೆನ್ನು ನೆಟ್ಟಗಾಗುವುದನ್ನು ನಾನೇ ನೋಡಿದ್ದೇನೆ. ರೋಗ ಗುಣವಾಗುತ್ತದೆಂದು ಮನೆಯಲ್ಲಿ ಯಾರೂ ಭ್ರಮೆಪಟ್ಟಿಲ್ಲ. ಲಿಸ್ ಹಾರ್ಟೆಲ್ ಎಂಬ ಡೆನ್ಮಾರ್ಕಿನ ಮಹಿಳೆ ೧೯೪೪ರಲ್ಲಿ ಪೋಲಿಯೋ ತಗುಲಿ ಮೊಣಕಾಲಿನಿಂದ ಕೆಳಗೆ ಬಲವನ್ನೇ ಕಳೆದುಕೊಂಡಿದ್ದರೂ, ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಸವಾರಿಗಾಗಿ ಬೆಳ್ಳಿಯ ಪದಕ ಗೆದ್ದಳು. ಅವಳ ಚಿತ್ರವೊಂದು ಅಕ್ಕನ ಅಡಿಗೆಮನೆಯ ಗೋಡೆಯ ಮೇಲಿದೆ. ಅಷ್ಟೇ.

ಕಷ್ಟವಿರುವುದು ಮಳೆಯದು. ಮಡಿಕೇರಿಯ ಸುತ್ತ ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಆ ನಾಲ್ಕು ತಿಂಗಳು ಕುದುರೆ ಲಾಯದಲ್ಲಿ, ಹುಡುಗಿ ಮನೆಯಲ್ಲಿ. ಎಂಟು ತಿಂಗಳಲ್ಲಿ ಗಳಿಸಿದುದೆಲ್ಲ ನಾಲ್ಕು ತಿಂಗಳಲ್ಲಿ ಕರಗಿ, ದೀಪಾವಳಿಯ ಹೊತ್ತಿಗೆ ಮತ್ತೆ ಮೊದಲಿನಿಂದ ಪ್ರಾರಂಭ. ಆದುದರಿಂದ ವೈಹಾಳಿಗೆ ಸೂರು ಬೇಕಾಯಿತು.

ಸೂರಿನ ಕೆಳಗಿನ ಸವಾರಿ ಹೊಸದೇನಲ್ಲ. ವಿಯೆನ್ನಾದ ಅರಮನೆಯಲ್ಲಿ ೧೭೨೯ರಿಂದ ೧೭೩೫ರವರೆಗೆ ಕಟ್ಟಿದ ಚಳಿಗಾಲದ ಸವಾರಿಶಾಲೆಯಲ್ಲಿ ಇಂದಿಗೂ ಬಿಳಿಯ ಕುದುರೆಗಳು ಹೆಜ್ಜೆ ಹಾಕುತ್ತವೆ. ೫೫ ಮೀಟರ್ ಉದ್ದ, ೧೮ ಮೀಟರ್ ಅಗಲ, ಸುತ್ತ ಮೊಗಸಾಲೆಗಳನ್ನು ಹೊತ್ತ ೪೬ ಕಂಬಗಳು. ಮಾಸ್ಕೋದಲ್ಲಿ ೧೮೧೭ರಲ್ಲಿ ಬೆತಾಂಕುರ್ ಎಂಬ ಎಂಜಿನಿಯರು ಸುಮಾರು ೪೫ ಮೀಟರ್ ಅಗಲದ ಅಂಗಳಕ್ಕೆ ನಡುವೆ ಒಂದೂ ಕಂಬವಿಲ್ಲದೆ ಮರದ ಮಾಡನ್ನು ಹೊದಿಸಿದನು. ಆ ಮರವೆಲ್ಲ ೨೦೦೪ರ ಮಾರ್ಚಿ ತಿಂಗಳ ಬೆಂಕಿಯಲ್ಲಿ ಸುಟ್ಟುಹೋಯಿತು. ನಡುವೆ ಕಂಬವಿರಕೂಡದೆಂಬುದೇ ಈ ಕಟ್ಟಡಗಳ ಮುಖ್ಯ ಸಮಸ್ಯೆ. ಓಡುವ ಕುದುರೆ ಕಂಬವನ್ನು ಕೇಳಿ ಓಡುವುದಿಲ್ಲ. ಈಗ ಅದನ್ನು ಉಕ್ಕು ಬಗೆಹರಿಸಿದೆ. ಎರಡು ಕಂಬ, ಮೇಲೆ ಇಳಿಜಾರಾದ ಎರಡು ತೊಲೆ. ಕಂಬವೂ ತೊಲೆಯೂ ಕೂಡುವ ಮೂಲೆಯನ್ನು ದಪ್ಪಗೊಳಿಸಿ ಬೋಲ್ಟುಗಳಿಂದ ಬಿಗಿದರೆ ನಾಲ್ಕೂ ಸೇರಿ ಒಂದೇ ಎಲುಬಿನಂತೆ ನಿಲ್ಲುತ್ತವೆ. ಇಂತಹ ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ ತಗಡು ಹೊದಿಸಿದರೆ ಅಂಗಳ ಸಿದ್ಧ.

ಸಿದ್ಧವೆಂದೆನಷ್ಟೆ, ಮನೆಯಲ್ಲಿ ಯುದ್ಧ ಆರಂಭವಾದುದು ಅಲ್ಲಿಂದಲೇ. ಭಾವನವರಿಗೆ ೬೦ ಮೀಟರ್ ಉದ್ದ, ೨೦ ಮೀಟರ್ ಅಗಲದ ಅಂಗಳ ಬೇಕು. ಅಂತರರಾಷ್ಟ್ರೀಯ ಸ್ಪರ್ಧೆಯ ಅಳತೆ ಅದು. ಬೆಂಗಳೂರಿನ ಫುವಾದ್ ಮಿರ್ಜಾ ೨೦೧೮ರ ಏಷ್ಯನ್ ಕ್ರೀಡೆಗಳಲ್ಲಿ ಎರಡು ಬೆಳ್ಳಿ ತಂದುದನ್ನೂ, ೨೦೨೩ರಲ್ಲಿ ಹಾಂಗ್‌ಝೌನಲ್ಲಿ ನಮ್ಮ ಡ್ರೆಸಾಜ್ ತಂಡ ಚಿನ್ನ ಗೆದ್ದುದನ್ನೂ ಅವರು ಊಟದ ನಡುವೆ ಎರಡು ಬಾರಿಯಾದರೂ ಹೇಳುವುದುಂಟು. ಊರಿನ ಮಕ್ಕಳಿಗೆ ಕಲಿಸಬೇಕು, ಅದರ ಶುಲ್ಕದಿಂದ ಸಾಲ ತೀರಬೇಕು ಎಂಬುದು ಅವರ ಲೆಕ್ಕ. ಲೆಕ್ಕವೇನೂ ತಪ್ಪಲ್ಲ. ಅಕ್ಕ ಮಾತ್ರ ೨೦ಕ್ಕೆ ೪೦ ಸಾಕೆಂದಳು. ಅದೂ ಒಪ್ಪಿತ ಅಳತೆಯೇ. ಚಿಕ್ಕ ಅಂಗಳವೆಂದು ಅದಕ್ಕೆ ಹೆಸರು.

ನನ್ನನ್ನು ಅಕ್ಕನ ಕಡೆಗೆ ತಿರುಗಿಸಿದುದು ನೆಲ. ಜಾಗವಿರುವುದು ಎಂಟು ಅಡಿಗೆ ಒಂದಡಿ ಇಳಿಯುವ ಗುಡ್ಡದ ಮೈಯಲ್ಲಿ. ಹಾದಿಯೂ ಕಂಬದ ದಪ್ಪವೂ ಸೇರಿ ಹೊರ ಅಗಲ ೨೪ ಮೀಟರ್ ಆಗುತ್ತದೆ. ಉದ್ದವನ್ನು ಗುಡ್ಡಕ್ಕೆ ಅಡ್ಡಲಾಗಿ ಇಟ್ಟರೆ ಈ ಅಗಲದಲ್ಲಿ ನೆಲ ೩ ಮೀಟರ್ ಇಳಿಯುತ್ತದೆ. ಮೇಲೆ ಒಂದೂವರೆ ಮೀಟರ್ ಕಡಿದು ಕೆಳಗೆ ಒಂದೂವರೆ ಮೀಟರ್ ತುಂಬಿದರೆ ಸಮ. ಹೊರ ಅಳತೆ ೪೪ ಮೀಟರಿನ ತನಕ ಇದು ಸಾಧ್ಯ. ಅಲ್ಲಿಂದಾಚೆ ಗುಡ್ಡದ ಮೂಗೊಂದು ಮುಂದೆ ಚಾಚಿಕೊಂಡಿದೆ. ೬೪ಕ್ಕೆ ಹೋಗಬೇಕಾದರೆ ಅದನ್ನು ನೆಟ್ಟಗೆ ಐದು ಮೀಟರ್ ಕತ್ತರಿಸಬೇಕು. ೨೦೧೮ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಗಾಗಿ, ರಸ್ತೆಗಾಗಿ ನೆಟ್ಟಗೆ ಕಡಿದ ಇಳಿಜಾರುಗಳು ಮಳೆಯ ನೀರು ಕುಡಿದು ಕುಸಿದವು. ಭಾವನವರು ಆ ದಿನಗಳಲ್ಲಿ ನೆರೆಯ ಊರಿನಿಂದ ಜನರನ್ನು ಹೊತ್ತು ತಂದವರು. ಆದರೂ, “ತಡೆಗೋಡೆ ಕಟ್ಟಿದರಾಯಿತು” ಎಂದರು. ಆಸೆಗೆ ನೆನಪು ಅಡ್ಡ ಬರುವುದಿಲ್ಲವೆಂದು ತೋರುತ್ತದೆ.

ಎಂಜಿನಿಯರು ತರುಣ. ಮಿತಭಾಷಿ. ಅವರಿಂದ ನಾನು ಕಲಿತುದು ಬಹಳ. ಇಂತಹ ಹಗುರವಾದ ಮಾಡಿಗೆ ಭಾರಕ್ಕಿಂತ ಗಾಳಿಯೇ ದೊಡ್ಡ ಶತ್ರುವಂತೆ. ಬಿರುಗಾಳಿ ತಗಡನ್ನು ಮೇಲಕ್ಕೆ ಹೀರುತ್ತದೆ, ಆಗ ಅಡಿಪಾಯದ ಕೆಲಸ ಕಟ್ಟಡವನ್ನು ಹೊರುವುದಲ್ಲ, ಹಿಡಿದಿಡುವುದು. ಒಳಗೋಡೆಗೆ ಆಳೆತ್ತರದ ಮರದ ಹಲಗೆಗಳನ್ನು ಬುಡ ಒಳಗೆ, ತುದಿ ಹೊರಗೆ ಇರುವಂತೆ ವಾಲಿಸಿ ನಿಲ್ಲಿಸುತ್ತಾರೆ. ಕುದುರೆ ಗೋಡೆಗೆ ಸಮೀಪ ಬಂದಾಗ ಗೊರಸು ಮೊದಲು ತಡೆಯುವುದರಿಂದ ಸವಾರನ ಮೊಣಕಾಲು ಉಜ್ಜುವುದಿಲ್ಲ. ಬೆಳಕಿನ ತಗಡನ್ನು ಮಾಡಿನ ನಡುವೆ ಹಾಕಿದರೆ ನೆಲದ ಮೇಲೆ ಬಿಸಿಲಿನ ಚೌಕಗಳು ಬಿದ್ದು ಕುದುರೆ ಅವನ್ನು ಹಳ್ಳವೆಂದು ಬೆದರುತ್ತದೆ. ಆದುದರಿಂದ ಗೋಡೆಯ ಮೇಲಂಚಿನಲ್ಲಿ. ಮರಳು ೧೨ ಸೆಂಟಿಮೀಟರ್ ದಪ್ಪವಿದ್ದರೆ ಸಾಕು, ಅದೇ ೯೬ ಘನ ಮೀಟರ್ ಆಗುತ್ತದೆ. ಹೆಚ್ಚಾದರೆ ಕುದುರೆಯ ಕಾಲಿನ ನರಗಳು ಬಳಲುತ್ತವೆ. ಇನ್ನು ನೀರಿನ ಮಾತು. ೨೪ಕ್ಕೆ ೪೪ ಮೀಟರಿನ ಮಾಡಿನ ಮೇಲೆ ಒಂದು ದಿನ ೧೦೦ ಮಿಲಿಮೀಟರ್ ಮಳೆ ಸುರಿದರೆ ಒಂದು ಲಕ್ಷ ಲೀಟರಿಗೂ ಮೇಲೆ ನೀರು ಇಳಿದುಬರುತ್ತದೆ. ಅದನ್ನು ತುಂಬಿದ ಮಣ್ಣಿನ ಮೇಲೆ ಬಿಟ್ಟರೆ ಗುಡ್ಡವನ್ನು ನಾವೇ ಕೈಯಾರೆ ಜಾರಿಸಿದಂತೆ. ಕಲ್ಲಿನ ಚರಂಡಿಯಲ್ಲಿ ಹಳ್ಳದವರೆಗೆ ಒಯ್ಯಬೇಕು. ಸ್ವಲ್ಪವನ್ನು ಬೇಸಗೆಯಲ್ಲಿ ಧೂಳು ಅಡಗಿಸಲು ತೊಟ್ಟಿಯಲ್ಲಿ ಹಿಡಿದಿಡಬೇಕು.

ಕಡೆಗೆ ವಾದವನ್ನು ತೀರಿಸಿದವನು ಎಂಜಿನಿಯರನಲ್ಲ, ನಾನೂ ಅಲ್ಲ. ಅಕ್ಟೋಬರಿನ ಒಂದು ಸಂಜೆ ಎಲ್ಲರೂ ತೋಟದ ತಗಡಿನ ಗೋದಾಮಿನಲ್ಲಿ ನಕ್ಷೆ ಹರಡಿಕೊಂಡು ಕುಳಿತಿದ್ದೆವು. ಒಮ್ಮೆಲೇ ಮಳೆ ಬಿತ್ತು. ಬರಿಯ ತಗಡಿನ ಮೇಲೆ ಮಲೆನಾಡಿನ ಮಳೆಯ ಸದ್ದನ್ನು ಕೇಳಿದವರೇ ಬಲ್ಲರು. ಹುಡುಗಿ ಬೆಚ್ಚಿದಳು. ಅವಳಂತಹ ಮಕ್ಕಳಿಗೆ ಹಠಾತ್ತನೆ ಬರುವ ಸದ್ದು ಮೈಯನ್ನೆಲ್ಲ ಸೆಟೆಸಿಬಿಡುತ್ತದೆ. ಕೈ, ಕುತ್ತಿಗೆ, ಕಾಲು ಎಲ್ಲವೂ ಕಟ್ಟಿಗೆಯಂತಾದುವು. ಹೊರಗೆ ಕಟ್ಟಿದ್ದ ಸಾಧುವಾದ ಹೆಣ್ಣುಗುದುರೆಯೂ ಹಗ್ಗ ಜಗ್ಗಿ ಹೇಷಾರವ ಮಾಡಿತು. ಭಾವನವರು ಎದ್ದು ಹೋಗಿ ಮಗಳನ್ನು ಎತ್ತಿಕೊಂಡರು. ಯಾರೂ ಮಾತನಾಡಲಿಲ್ಲ, ಮಾತನಾಡಿದ್ದರೂ ಕೇಳಿಸುತ್ತಿರಲಿಲ್ಲ.

ತಗಡಿನ ಅಡಿಯಲ್ಲಿ ಕಲ್ಲುನಾರಿನ ದಪ್ಪ ಪದರ, ಅದರ ಕೆಳಗೆ ಇನ್ನೊಂದು ತಗಡು. ಸದ್ದು ಅಡಗುವುದು ಹಾಗೆ. ಅದಕ್ಕೆ ತಗಲುವ ವೆಚ್ಚವನ್ನು ಎಂಜಿನಿಯರು ಬರೆದು ತೋರಿಸಿದರು. ಉಳಿದ ೨೦ ಮೀಟರ್ ಉದ್ದವನ್ನು ಕೈಬಿಟ್ಟರೆ ಮಿಗುವ ಹಣ, ತಡೆಗೋಡೆಯನ್ನೂ ಸೇರಿಸಿ, ಆ ವೆಚ್ಚವನ್ನು ತೂಗಿಸಿಕೊಂಡು ಇನ್ನೂ ಸ್ವಲ್ಪ ಉಳಿಯುತ್ತಿತ್ತು. ಭಾವನವರು ಕಾಗದವನ್ನು ಎರಡು ಸಲ ನೋಡಿ ‘ನಲವತ್ತು’ ಎಂದರು. ಆದರೆ ಗುಡ್ಡದ ಮೂಗಿನ ವಿರುದ್ಧ ದಿಕ್ಕಿನ ಕೊನೆಯ ಚೌಕಟ್ಟನ್ನೂ ಪೂರ್ಣ ಬಲದ್ದಾಗಿಯೇ ಮಾಡಿಸಿದ್ದಾರೆ. ಆ ಕಡೆಯ ನೆರೆಯವರು ಎಂದಾದರೂ ಜಾಗ ಮಾರಿದರೆ ಗೋಡೆಯನ್ನು ಬಿಚ್ಚಿ ಮುಂದುವರಿಸಬಹುದಂತೆ. ಸೈನಿಕನು ಪೂರ್ತಿಯಾಗಿ ಹಿಮ್ಮೆಟ್ಟುವುದಿಲ್ಲ.

ಅಡಿಪಾಯದ ಒಂಬತ್ತು ಜೊತೆ ಗುಂಡಿಗಳು ಈಗ ತುಂಬಿವೆ. ಬೋಲ್ಟುಗಳು ಕಾಂಕ್ರೀಟಿನಿಂದ ತಲೆಯೆತ್ತಿ ನಿಂತಿವೆ. ನನ್ನ ಮನೆಯ ಎರಡು ಕೋಣೆಗಳು ಅಲ್ಲಿ ಹೂತುಹೋಗಿವೆ ಎನ್ನುತ್ತಾಳೆ ನನ್ನ ಹೆಂಡತಿ. ಆದರೂ ಸಾಲಪತ್ರ ಬರೆಸಿಕೊಳ್ಳಲು ಬಿಟ್ಟವಳಲ್ಲ. ಇತ್ಯರ್ಥವಾಗದೆ ಉಳಿದಿರುವುದು ಕುದುರೆ ಹತ್ತುವ ಜಗಲಿ. ಗಾಲಿಕುರ್ಚಿ ಏರಬೇಕಾದರೆ ಹನ್ನೆರಡಕ್ಕೆ ಒಂದರ ಇಳಿಜಾರು ಬೇಕು. ೯೦ ಸೆಂಟಿಮೀಟರ್ ಎತ್ತರದ ಜಗಲಿಗೆ ಅದು ಹತ್ತಿರ ಹತ್ತಿರ ೧೧ ಮೀಟರ್ ಉದ್ದವಾಗುತ್ತದೆ. ಒಳಗೆ ಜಾಗ ಸಾಲದೆಂದು ಹೊರಗಿನ ಗೋಡೆಯ ಬದಿಗೆ ಹಾಕಿದ್ದಾರೆ. ಹುಡುಗಿಯ ಬೇಡಿಕೆ ಒಂದೇ: ಜಗಲಿಯ ಎದುರಿನ ಗೋಡೆಯಲ್ಲಿ ಹಲಗೆಯ ಮೇಲಿನ ಭಾಗ ತೆರೆದಿರಬೇಕು, ಕುದುರೆಯ ಮೇಲಿಂದ ಅವಳಿಗೆ ಮಳೆ ಕಾಣಬೇಕು. ಜುಲೈ ತಿಂಗಳಲ್ಲಿ ಇಲ್ಲಿ ಮಳೆ ಮೇಲಿನಿಂದಲ್ಲ, ಪಕ್ಕದಿಂದ ಬರುತ್ತದೆಂದು ಎಂಜಿನಿಯರು ಎಷ್ಟು ಹೇಳಿದರೂ ಅವಳು ಒಪ್ಪಿಲ್ಲ. ಸರಿದಾಡುವ ತಗಡಿನ ಎರಡು ಬಾಗಿಲುಗಳಿಗೆ ಬಡಗಿಯು ಮೊನ್ನೆ ಅಳತೆ ತೆಗೆದುಕೊಂಡು ಹೋಗಿದ್ದಾನೆ.