ಗರಿ ಕಳಚಿದ ಹೇಂಟೆ

ನಿವೃತ್ತರಾದ ಮೇಲೆ ಮಡಿಕೇರಿಯ ನಮ್ಮ ಮನೆಯ ಹಿತ್ತಿಲಲ್ಲಿ ಐದಾರು ಕೋಳಿಗಳನ್ನು ಸಾಕಿಕೊಂಡಿದ್ದೇವೆ. ತಾಮ್ರಚೂಡ, ಚರಣಾಯುಧ ಎಂದು ಅಮರಕೋಶದಲ್ಲಿರುವ ಕೋಳಿಯ ಹೆಸರುಗಳನ್ನು ಎಷ್ಟೋ ಹುಡುಗರಿಗೆ ಬಾಯಿಪಾಠ ಮಾಡಿಸಿದ್ದೆವು. ಕೋಳಿಯ ಸ್ವಭಾವವನ್ನು ಮಾತ್ರ ಅರಿತಿರಲಿಲ್ಲ.

ಎರಡು ವರ್ಷಗಳ ಹಿಂದೆ ಮಾರ್ಗಶಿರದ ಚಳಿಯಲ್ಲಿ ನಮ್ಮ ಕೆಂಪು ಹೇಂಟೆಯ ಕೊರಳು ಬೋಳಾಯಿತು. ಬಳಿಕ ಎದೆ, ಬೆನ್ನು, ಕಡೆಗೆ ಬಾಲ. ಮೊಟ್ಟೆಯೂ ನಿಂತಿತು. ಮುಪ್ಪಾಯಿತು, ಇನ್ನು ಕೆಲಸಕ್ಕೆ ಬಾರದೆಂದು ಬಗೆದು ಅದನ್ನು ಸಂತೆಯಲ್ಲಿ ಮಾರಿದೆವು. ಪಿಂಚಣಿ ಉಣ್ಣುವ ನಾವೇ ಹೀಗೆಣಿಸಿದುದು! ಮೊಮ್ಮಗಳು ಎರಡು ದಿನ ನಮ್ಮೊಡನೆ ಮಾತನಾಡಲಿಲ್ಲ.

ಕಳೆದ ಚಳಿಗಾಲದಲ್ಲಿ ಕರಿಯ ಹೇಂಟೆಗೂ ಅದೇ ಗತಿಯಾಯಿತು. ಈ ಸಲ ಪಶುವೈದ್ಯರನ್ನು ಕೇಳಿದೆವು. "ಇದು ರೋಗವೂ ಅಲ್ಲ, ಮುಪ್ಪೂ ಅಲ್ಲ, ಮೇಷ್ಟರೇ. ಹಗಲು ಕಿರಿದಾದಾಗ ಕೋಳಿ ಹಳೆಯ ಗರಿ ಕಳಚಿ ಹೊಸದನ್ನು ತೊಡುತ್ತದೆ" ಎಂದರು. ಗರಿಯಲ್ಲಿ ನೂರಕ್ಕೆ 85ರಷ್ಟು ಪ್ರೋಟೀನೇ. ಗರಿಗೂ ಮೊಟ್ಟೆಗೂ ಒಟ್ಟಿಗೆ ಒದಗಿಸಲು ಅದರ ಮೈಗೆ ಸಾಗದು. ಎರಡು ಮೂರು ತಿಂಗಳು ತಾಳಬೇಕು. ಎಳೆಗರಿಯೊಳಗೆ ರಕ್ತ ಹರಿಯುತ್ತಿರುವುದರಿಂದ ಮುಟ್ಟಿದರೆ ನೋಯುವುದು; ಎತ್ತಿ ಮುದ್ದಿಸಲಾಗದು.

ಕಾಳಿನೊಡನೆ ಕಡಲೆಕಾಯಿ ಹಿಂಡಿಯನ್ನೂ ಒಣಮೀನಿನ ಪುಡಿಯನ್ನೂ ಹಾಕಿದೆವು. ಗೂಡಿಗೆ ಒಣಹುಲ್ಲು ಹಾಸಿ, ಗಾಳಿ ಬೀಸುವ ಮಗ್ಗುಲಿಗೆ ಗೋಣಿ ಕಟ್ಟಿದೆವು. ಉಸಿರಾಟಕ್ಕೆಂದು ಮೇಲ್ಗಡೆ ತೆರೆದೇ ಇಟ್ಟೆವು. ವಾಚಕರ ಮನೆಯ ಕೋಳಿ ಹೀಗೆ ಬೋಳಾದರೆ ಅವಸರಪಡದಿರಲಿ.

ಶಿವರಾತ್ರಿಯ ಹೊತ್ತಿಗೆ ಕರಿಯ ಹೇಂಟೆ ಮೈತುಂಬ ಮಿರುಗುವ ಗರಿ ತೊಟ್ಟಿತು. ಮೊಮ್ಮಗಳು ಮೊದಲ ಮೊಟ್ಟೆಯನ್ನು ತಂದು ನಮ್ಮ ಅಂಗೈಯಲ್ಲಿಟ್ಟಳು. ಕೆಂಪು ಹೇಂಟೆಯ ಮಾತನ್ನು ಅವಳು ಎತ್ತಲಿಲ್ಲ, ನಾವೂ ಎತ್ತಲಿಲ್ಲ.