ಡಾಂಬರಿನೊಳಗಣ ಮೇಣ

ನಮ್ಮ ಮನೆಯ ಮಾಳಿಗೆ ಸೋರುತ್ತಿದ್ದುದರಿಂದ ಕಳೆದ ಪುಷ್ಯಮಾಸದಲ್ಲಿ ಅದಕ್ಕೆ ಡಾಂಬರು ಹಚ್ಚಿಸಿದೆವು. ಹತ್ತು ದಿನಗಳಾದ ಮೇಲೆ, ಬೆಳಗಿನ ಚಳಿಯಲ್ಲಿ, ಗೋಡೆಯಂಚಿಗೆ ಮಿಕ್ಕು ನಿಂತಿದ್ದ ತೆಳುವಾದ ಪಟ್ಟಿಯೊಂದನ್ನು ಬಗ್ಗಿಸಲು, ಅದು ಹಪ್ಪಳದಂತೆ ಲಟಕ್ಕನೆ ಮುರಿಯಿತು. ಹಚ್ಚಿದ ದಿನ ಬಗ್ಗುತ್ತಿದ್ದುದು ಈಗ ಮುರಿದುದರಿಂದ, ಇದು ಕಲಬೆರಕೆಯೇ ಸರಿಯೆಂದು ತೀರ್ಮಾನಿಸಿ, ಕೆಲಸಗಾರನನ್ನು ಕರೆಯಿಸಿ ನಾಲ್ವರೆದುರಿಗೆ ಗದರಿಸಿ, ಉಳಿದ ಕೂಲಿಯನ್ನು ತಡೆದೆವು. ಆತನು ಮುರಿದ ತುಂಡನ್ನು ಬಿಸಿಲಿನಲ್ಲಿಟ್ಟು, "ಮಧ್ಯಾಹ್ನ ನೋಡಿ ಸ್ವಾಮಿ" ಎಂದಷ್ಟೇ ಹೇಳಿ ಹೊರಟುಹೋದನು. ಮಧ್ಯಾಹ್ನ ಅದು ನಾದಿದ ಹಿಟ್ಟಿನಂತೆ ಬಗ್ಗಿತು.

ನಾಚಿಕೆಯಿಂದಲೇ ಈ ವಿಷಯವನ್ನು ಓದತೊಡಗಿದೆವು.

ಕಲ್ಲೆಣ್ಣೆಯನ್ನು ಬಟ್ಟಿಯಿಳಿಸಿದ ಬಳಿಕ ತಳದಲ್ಲುಳಿಯುವ ಕಪ್ಪು ಅಂಟೇ ಈ ಡಾಂಬರು; ಶಾಸ್ತ್ರಜ್ಞರು ಇದನ್ನು ಬಿಟುಮೆನ್ ಎನ್ನುವರು. ಚಳಿಗೆ ಬಿರುಸಾಗುವುದು ಎಲ್ಲ ಡಾಂಬರಿನ ಸ್ವಭಾವ. ಆದರೆ ಕೆಲವು ಎಣ್ಣೆಗಳಿಂದ ಬಂದುದರಲ್ಲಿ ಮೇಣವೂ ಬೆರೆತಿರುವುದುಂಟು. ಮೇಣದ ಬತ್ತಿಯ ಮೇಣಕ್ಕೆ ಇದು ದಾಯಾದಿ. ಕಾದಾಗ ಇದು ಕರಗಿ ಡಾಂಬರನ್ನು ಇನ್ನಷ್ಟು ತೆಳುವಾಗಿಸುತ್ತದೆ. ಆರುತ್ತ ಬಂದಂತೆ ಮೇಣದ ನೀಳವಾದ ಅಣುಗಳು ಒಂದರ ಮಗ್ಗುಲಿಗೊಂದು ಒರಗಿ ಹರಳುಗಟ್ಟುತ್ತವೆ. ತುಪ್ಪವು ನಿಧಾನವಾಗಿ ಆರಿದರೆ ದಪ್ಪ ಹರಳು, ಬೇಗನೆ ಆರಿದರೆ ನುಣುಪು ಎಂಬುದನ್ನು ನಮ್ಮ ಗೃಹಿಣಿಯರು ಬಲ್ಲರು. ಮೇಣದ ನಡತೆಯೂ ಹಾಗೆಯೇ.

ಅಸ್ಸಾಮಿನ ಕಲ್ಲೆಣ್ಣೆಯಲ್ಲಿ ಮೇಣ ಹೆಚ್ಚು. ಅಲ್ಲಿನ ದಿಗ್ಬೋಯಿಯಲ್ಲಿ ೧೯೦೧ರಲ್ಲೇ ಎಣ್ಣೆ ಶುದ್ಧಿಮಾಡುವ ಕಾರ್ಖಾನೆ ಆರಂಭವಾಯಿತು. ಹಿಂದಿನ ಭಾರತೀಯ ಮಾನಕದಲ್ಲಿ ರಸ್ತೆಯ ಡಾಂಬರನ್ನು ವಿಂಗಡಿಸುವಾಗ ಅಸ್ಸಾಮಿನದಕ್ಕೆ 'ಎ' ಎಂದೂ ಬೇರೆಡೆಯದಕ್ಕೆ 'ಎಸ್' ಎಂದೂ ಗುರುತಿಟ್ಟಿದ್ದರು. ಎಣ್ಣೆಗೂ ಕುಲಗೋತ್ರವುಂಟು!

೧೯೯೬ರಲ್ಲಿ ಲೋಬರ್ ಮತ್ತು ಅವರ ಸಂಗಡಿಗರು ಪರಮಾಣುಬಲ ಸೂಕ್ಷ್ಮದರ್ಶಕದಿಂದ ಡಾಂಬರಿನ ಮೈಯನ್ನು ಪರೀಕ್ಷಿಸಿದಾಗ, ಪಟ್ಟೆಪಟ್ಟೆಯಾದ ಸಣ್ಣ ಆಕಾರಗಳು ಕಂಡುವು. ಜೇನುನೊಣವನ್ನು ಹೋಲುವುದರಿಂದ ಇವಕ್ಕೆ ಆ ಹೆಸರೇ ನಿಂತಿತು. ಮೊದಲು ಇವನ್ನು ಡಾಂಬರಿನ ಅತಿಭಾರವಾದ ಅಂಶವೆಂದೆಣಿಸಿದರು. ಮೇಣವೇ ಹೀಗೆ ಸುಕ್ಕುಗಟ್ಟುತ್ತದೆಂದು ಆಮೇಲೆ ಅನೇಕ ಸಂಶೋಧಕರು ವಿವರಿಸಿದರು. ಬಿಸಿ ತಾಗಿದರೆ ಈ ನೊಣಗಳು ಮಾಯ.

ನಮ್ಮನ್ನು ಹೆಚ್ಚು ಕಾಡಿದುದು ಬೇರೊಂದು ಸಂಗತಿ. ಡಾಂಬರನ್ನು ಒಂದೇ ಚಳಿಯಲ್ಲಿ ದಿನಗಟ್ಟಲೆ ಇಟ್ಟರೂ ಅದು ದಿನೇ ದಿನೇ ಬಿರುಸಾಗುತ್ತ ಹೋಗುತ್ತದೆ. ಒಳಗೆ ಮೇಣವು ಮೆಲ್ಲನೆ ಹರಳುಗಟ್ಟುತ್ತಿರುವುದೂ ಇದಕ್ಕೊಂದು ಕಾರಣ. ಆದರೆ ಕಾಯಿಸಿದೊಡನೆ ಈ ಬಿರುಸು ಇಳಿದು ಮೊದಲಿನ ಮೃದುತ್ವ ಮರಳುವುದು. ವರ್ಷಗಟ್ಟಲೆ ಗಾಳಿಬಿಸಿಲುಗಳಿಂದ ಬರುವ ಮುಪ್ಪಿನ ಬಿರುಸು ಹಾಗಲ್ಲ. ಅದು ಕಾಯಿಸಿದರೂ ಹೋಗದು. ಹತ್ತು ದಿನದ ಡಾಂಬರಿಗೆ ಮುಪ್ಪೆಲ್ಲಿಂದ ಬರಬೇಕು? ಪುಸ್ತಕ ನೋಡದೆಯೇ ಆತನು ಬಿಸಿಲಿನಿಂದ ಇದನ್ನು ತೋರಿಸಿಕೊಟ್ಟಿದ್ದನು.

ಕೂಲಿಯನ್ನು ತೆಗೆದುಕೊಂಡು ಆತನ ಮನೆಗೆ ಹೋದೆವು. ಆತನು ರಸ್ತೆಯ ಕೆಲಸಕ್ಕೆಂದು ಪರಸ್ಥಳಕ್ಕೆ ಹೋಗಿದ್ದನು. ಆತನ ಹೆಂಡತಿ ಹಣವನ್ನೆಣಿಸಿ ಸೆರಗಿನಲ್ಲಿ ಕಟ್ಟಿಕೊಂಡಳು, ಏನೂ ಮಾತಾಡಲಿಲ್ಲ. ಅಂದು ನಮ್ಮ ಗದರಿಕೆಯನ್ನು ಕೇಳಿದ್ದ ನಾಲ್ವರಲ್ಲಿ ಮೂವರಿಗೆ ನಿಜವನ್ನು ತಿಳಿಸಿದ್ದೇವೆ. ನಾಲ್ಕನೆಯವರು ಮಗಳ ಊರಿನಿಂದ ಇನ್ನೂ ಹಿಂತಿರುಗಿಲ್ಲ.